ಎರವಲು ಹೆಸರಿನ ಮನೆ

ಮನೆಗೆ ಹೆಸರಿಡುವುದು ನಮಗೆ ಹೊಸದಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿರುವ ಹಳೆಯ ಮನೆಗಳ ಗೇಟಿನ ಕಂಬವನ್ನು ನೋಡಿ: ‘ಮಾತೃಕೃಪಾ’, ‘ಶ್ರೀನಿವಾಸ’, ‘ಶಾರದಾ ನಿಲಯ’. ಆ ಹೆಸರುಗಳಿಗಾಗಿ ಮನೆಯ ಯಜಮಾನ ಯಾರಿಗೂ ಒಂದು ಕಾಸು ಕೊಟ್ಟವನಲ್ಲ. ಹೆತ್ತ ತಾಯಿಯ ಹೆಸರೋ ಮನೆದೇವರ ಹೆಸರೋ ಋಣದ ನೆನಪಿಗೆಂದು ಅಲ್ಲಿ ನಿಂತಿತು. ಮನೆ ಮಾರಾಟವಾದ ದಿನ ಕೊಂಡವನು ಹೆಸರಿಗೆಂದು ಹೆಚ್ಚಿನ ಹಣ ಎಣಿಸಲಿಲ್ಲ. ಮಾರಿದವನು ಕೇಳಲೂ ಇಲ್ಲ.

ಈಗ ಹೆಸರೇ ಸರಕಾಗಿದೆ. ಪತ್ರಿಕೆಗಳಲ್ಲಿ ಬರುವ ತುಂಬುಪುಟದ ಜಾಹೀರಾತುಗಳಲ್ಲಿ ಮನೆಯ ಚಿತ್ರಕ್ಕಿಂತ ಹೆಸರಿನ ಅಕ್ಷರ ದೊಡ್ಡದು. ಆ ಹೆಸರು ಕಟ್ಟಿದವನದಲ್ಲ, ಕಟ್ಟಡದ ನಕ್ಷೆ ಬರೆದವನದೂ ಅಲ್ಲ. ಇಟಲಿಯ ಒಬ್ಬ ವಸ್ತ್ರವಿನ್ಯಾಸಕಾರನದು, ಜರ್ಮನಿಯ ಒಂದು ಕಾರಿನದು, ಇಲ್ಲವೇ ಒಂದು ದೊಡ್ಡ ಹೋಟೆಲಿನದು. ಅಮೆರಿಕದ ಮಯಾಮಿಯ ಬಳಿ ಸನ್ನಿ ಐಲ್ಸ್ ಬೀಚ್ ಎಂಬ ಕಡಲಂಚಿನ ಊರಿದೆ. ಈ ವ್ಯಾಪಾರಕ್ಕೆ ಅದೊಂದು ಸಂತೆ ಎನ್ನಬಹುದು. ಅಲ್ಲಿ ಅರ್ಮಾನಿಯ ಹೆಸರಿನಲ್ಲಿ 56 ಮಹಡಿಯ ವಸತಿಗೋಪುರವಿದೆ. 2017ರಲ್ಲಿ ಮುಗಿದ, ಪೋರ್ಶೆಯ ಹೆಸರಿನ 60 ಮಹಡಿಯ ಗೋಪುರದಲ್ಲಿ ಯಜಮಾನರನ್ನು ಕಾರಿನ ಸಮೇತ ಅವರವರ ಮಹಡಿಗೆ ಒಯ್ಯುವ ಲಿಫ್ಟೂ ಇದೆ. ನಮ್ಮ ದೇಶಕ್ಕೂ ಈ ಗಾಳಿ ಬೀಸಿ ಬಹಳ ದಿನವಾಯಿತು. ಮುಂಬೈಯ ಲೋವರ್ ಪರೇಲಿನಲ್ಲಿ, ಮುಚ್ಚಿದ ಶ್ರೀನಿವಾಸ ಮಿಲ್ಲಿನ ನೆಲದ ಮೇಲೆ ಎದ್ದ ‘ವರ್ಲ್ಡ್ ಒನ್’ ಗೋಪುರದ ಒಳಾಂಗಣಕ್ಕೆ ಅರ್ಮಾನಿಯ ಹೆಸರಿದೆ. ಪುಣೆಯಲ್ಲಿ ಫ್ರಾನ್ಸಿನ ವಿನ್ಯಾಸಕಾರ ಫಿಲಿಪ್ ಸ್ಟಾರ್ಕರ ಹೆಸರು ಹೇಳುವ ಮನೆಗಳಿವೆ, ಟ್ರಂಪ್ ಹೆಸರಿನ ಜೋಡಿ ಗೋಪುರಗಳೂ ಇವೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಫೋರ್ ಸೀಸನ್ಸ್ ಹೋಟೆಲಿನ ಹೆಸರಿನ ಮನೆಗಳನ್ನು ನೋಡಲು ಊರು ಬಿಟ್ಟು ಹೋಗಬೇಕಾಗಿಲ್ಲ.

ಇವನ್ನು ಮಾರುವವರು ಎರಡು ಮಾತು ಹೇಳುತ್ತಾರೆ. ವಾಸಕ್ಕೆ ಇದಕ್ಕಿಂತ ಸೊಗಸಾದ ಮನೆ ಬೇರಿಲ್ಲ ಎಂಬುದು ಒಂದು. ಹಣ ಹೂಡುವುದಕ್ಕೆ ಇದಕ್ಕಿಂತ ಭದ್ರವಾದ ಜಾಗ ಬೇರಿಲ್ಲ ಎಂಬುದು ಇನ್ನೊಂದು. ಶ್ರೀಮಂತನೊಬ್ಬ ತನ್ನ ಶೋಕಿಗೆಂದು ವಜ್ರದುಂಗುರ ಕೊಂಡಂತೆ ಇಂಥ ಮನೆಯನ್ನು ಕೊಂಡರೆ ನನ್ನ ತಕರಾರಿಲ್ಲ. ಅವನ ಹಣ, ಅವನ ಇಷ್ಟ. ಅದನ್ನು ವಿವೇಕದ ಹೂಡಿಕೆಯೆಂದೂ ಉತ್ತಮ ಗೃಹಸ್ಥಿಕೆಯೆಂದೂ ಊರಿಗೆಲ್ಲ ಬೋಧಿಸಹೊರಟಾಗ ಮಾತ್ರ ತಡೆದು ಕೇಳಬೇಕಾಗುತ್ತದೆ. ಈ ಮನೆಗಳಲ್ಲಿ ಹೆಸರು ಮಾರಾಟಕ್ಕಿಲ್ಲ. ಅದು ಎರವಲಿಗೆ ಬಂದದ್ದು. ಕೊಳ್ಳುವವನು ಮಾತ್ರ ಪೂರಾ ಕ್ರಯ ಕೊಡುತ್ತಾನೆ. ನೆರೆಮನೆಯಿಂದ ಎರವಲು ತಂದ ಚಂದ್ರಹಾರವನ್ನು ತೊಟ್ಟುಕೊಂಡು ಮದುವೆಗೆ ಹೋಗಿಬರಬಹುದು. ಅದನ್ನು ಮಗಳಿಗೆ ಸ್ತ್ರೀಧನವೆಂದು ಕೊಡಲಾಗುವುದಿಲ್ಲ.

ಈ ವ್ಯಾಪಾರ ನಡೆಯುವ ಬಗೆಯನ್ನು ಮೊದಲು ತಿಳಿಯಬೇಕು. ನೆಲ ಕೊಳ್ಳುವವನು, ಸಾಲ ತರುವವನು, ಇಟ್ಟಿಗೆ ಸಿಮೆಂಟು ತರಿಸುವವನು ಸ್ಥಳೀಯ ಬಿಲ್ಡರು. ಹೆಸರುಳ್ಳ ಸಂಸ್ಥೆಗೂ ಅವನಿಗೂ ಒಂದು ಪರವಾನಗಿ ಕರಾರು ಆಗುತ್ತದೆ. ಹೆಸರನ್ನು ಇಷ್ಟು ಕಾಲ, ಇಂಥಿಂಥ ಷರತ್ತಿನ ಮೇಲೆ ಬಳಸಬಹುದು. ಅದಕ್ಕೆ ಇಷ್ಟು ಹಣ. ಒಳಾಂಗಣದ ಬಣ್ಣ, ದೀಪ, ಪೀಠೋಪಕರಣಗಳ ವಿಷಯದಲ್ಲಿ ಹೆಸರಿನವರ ಸಲಹೆ ಇರುತ್ತದೆ, ಕೆಲವು ಕಡೆ ಅವರ ಸಾಮಾನೂ ಬರುತ್ತದೆ. ಆದರೆ ಅಡಿಪಾಯಕ್ಕೆ ಅವರು ಹೊಣೆಯಲ್ಲ. ಒಪ್ಪಿದ ದಿನಕ್ಕೆ ಮನೆ ಕೈಸೇರದಿದ್ದರೆ ಹೊಣೆಯಲ್ಲ. ಗೋಡೆ ಬಿರುಕುಬಿಟ್ಟರೆ ಹೊಣೆಯಲ್ಲ. ಜಾಹೀರಾತಿನ ಕೆಳತುದಿಯಲ್ಲಿ ಇರುವೆಯ ಕಾಲಿನಂಥ ಅಕ್ಷರಗಳಲ್ಲಿ ಇದನ್ನೆಲ್ಲ ಅಚ್ಚುಹಾಕಿಯೇ ಇರುತ್ತಾರೆ: ಈ ಕಟ್ಟಡವನ್ನು ಕಟ್ಟುವವರೂ ಮಾರುವವರೂ ನಾವಲ್ಲ, ನಮ್ಮ ಹೆಸರನ್ನು ಪರವಾನಗಿಯ ಮೇಲೆ ಬಳಸಲಾಗಿದೆ, ಎಂದು. ಮೇಲಿನ ದೊಡ್ಡ ಅಕ್ಷರ ಹೇಳಿದ್ದನ್ನು ಕೆಳಗಿನ ಸಣ್ಣ ಅಕ್ಷರ ಹಿಂತೆಗೆದುಕೊಳ್ಳುತ್ತದೆ.

ಹೆಸರಿನ ಆಯುಸ್ಸು ಎಷ್ಟು ಎಂದು ಕೇಳಿದವರುಂಟೆ? ಆರ್‌ಸಿಸಿ ಕಟ್ಟಡವೊಂದು ಐವತ್ತು ಅರವತ್ತು ವರ್ಷ ನಿಲ್ಲಬೇಕೆಂದು ನಾವು ಬಯಸುತ್ತೇವೆ. ಬಟ್ಟೆಯ ಲೋಕದಲ್ಲಿ ಹೆಸರುಗಳು ಅಷ್ಟು ಕಾಲ ಒಂದೇ ಕಡೆ ನಿಲ್ಲುವುದಿಲ್ಲ. ಪಿಯರ್ ಕಾರ್ಡಾನ್ ಒಂದು ಕಾಲಕ್ಕೆ ಪ್ಯಾರಿಸಿನ ಸೊಗಸಿಗೆ ಇನ್ನೊಂದು ಹೆಸರು. ಆತ ತನ್ನ ಹೆಸರನ್ನು ನೂರಾರು ಸರಕುಗಳಿಗೆ ಬಾಡಿಗೆಗೆ ಕೊಟ್ಟ. ಬಾಣಲೆಯ ಮೇಲೂ ಸಿಗರೇಟಿನ ಮೇಲೂ ಅದು ಬಂತು. ಎಲ್ಲೆಲ್ಲೂ ಕಾಣಿಸಿದ ಹೆಸರಿಗೆ ಮೊದಲಿನ ಮಾನ ಉಳಿಯಲಿಲ್ಲ. ಅಮೆರಿಕದ ಹಾಲ್ಸ್ಟನ್ ಕತೆ ಇನ್ನೂ ಕಹಿ. 1973ರಲ್ಲಿ ಆತ ತನ್ನ ಉದ್ಯಮವನ್ನು ಹೆಸರಿನೊಡನೆ ಒಂದು ಕಂಪೆನಿಗೆ ಮಾರಿದ. ಅದು ಕೈಯಿಂದ ಕೈಗೆ ದಾಟಿ, ಕೊನೆಗೆ ತಾನು ಹೊಲಿದ ಉಡುಪಿಗೆ ತನ್ನ ಹೆಸರನ್ನೇ ಹಾಕಿಕೊಳ್ಳುವ ಹಕ್ಕು ಅವನಿಗೆ ಇಲ್ಲದೆ ಹೋಯಿತು. ವರ್ಸಾಚೆಯ ಮನೆತನದ ಸಂಸ್ಥೆ 2018ರಲ್ಲಿ ಅಮೆರಿಕದ ಒಂದು ಕಂಪೆನಿಯ ಪಾಲಾಯಿತು, 2025ರಲ್ಲಿ ಪ್ರಾಡಾ ಕಂಪೆನಿಯ ಪಾಲಾಯಿತು. ಹೆಸರಿನ ಒಡೆಯನೇ ಹೆಸರನ್ನು ಕಾಪಾಡಿಕೊಳ್ಳಲಾರದ ಲೋಕದಲ್ಲಿ ಹದಿನೆಂಟನೆಯ ಮಹಡಿಯ ಫ್ಲ್ಯಾಟಿನವನು ಅದನ್ನು ಕಾಪಾಡುವುದುಂಟೆ?

ವರ್ಸಾಚೆಯ ಹೆಸರು ಬಂದದ್ದರಿಂದ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟಿನ ಸಂಗತಿಯನ್ನೂ ಹೇಳಬೇಕು. ಅಲ್ಲಿ 2000ದಲ್ಲಿ ‘ಪಲಾಟ್ಸೋ ವರ್ಸಾಚೆ’ ಎಂಬ ಹೋಟೆಲು ತೆರೆಯಿತು. ಹೋಟೆಲಿನ ಮಗ್ಗುಲಲ್ಲೇ ಮಾರಾಟಕ್ಕೆಂದು ಕಟ್ಟಿದ ಮನೆಗಳೂ ಇದ್ದವು. 2023ರಲ್ಲಿ ಪರವಾನಗಿ ಮುಗಿಯಿತು. ಹೋಟೆಲು ‘ಇಂಪೀರಿಯಲ್’ ಎಂದು ಹೆಸರು ಬದಲಿಸಿಕೊಂಡಿತು. ಕಂಬಗಳು, ಕೊಳ, ಕಡಲ ಗಾಳಿ, ಎಲ್ಲ ಇದ್ದಲ್ಲೇ ಇವೆ. ಕ್ರಯದ ಹಣದಲ್ಲಿ ಹೆಸರಿಗೆಂದು ಹೋದ ಪಾಲು ಎಲ್ಲಿದೆ ಎಂದು ಕೇಳಿದರೆ ಯಾರೂ ಬೆರಳು ಮಾಡಿ ತೋರಿಸಲಾರರು.

ಇದಕ್ಕೆ ವಿರುದ್ಧವಾದ ಸಂಗತಿಯೂ ಇದೆ: ಹೆಸರು ತಾನಾಗಿ ಹೋಗದೆ ನಿವಾಸಿಗಳೇ ಅದನ್ನು ಕಳಚಬೇಕಾಗಿ ಬಂದದ್ದು. ಡೊನಾಲ್ಡ್ ಟ್ರಂಪ್ ಬಟ್ಟೆಯ ವಿನ್ಯಾಸಕಾರರಲ್ಲ. ಆದರೆ ಹೆಸರನ್ನು ಕಟ್ಟಡಗಳಿಗೆ ಎರವಲು ಕೊಡುವ ವ್ಯಾಪಾರದಲ್ಲಿ ಅವರಷ್ಟು ಪಳಗಿದವರು ವಿರಳ. ನ್ಯೂಯಾರ್ಕಿನ 200 ರಿವರ್‌ಸೈಡ್ ಬುಲೆವಾರ್ಡ್ ಕಟ್ಟಡದ ಮೇಲೆ ಅವರ ಹೆಸರಿನ ಹಿತ್ತಾಳೆಬಣ್ಣದ ಅಕ್ಷರಗಳಿದ್ದವು. ಒಮ್ಮೆ ಬೆಲೆ ಹೆಚ್ಚಿಸುತ್ತಿದ್ದ ಹೆಸರು 2016ರ ಚುನಾವಣೆಯ ಹೊತ್ತಿಗೆ ಅಲ್ಲಿನ ಬಹಳ ಮಂದಿಗೆ ಮುಜುಗರವಾಯಿತು. ತೆಗೆದುಹಾಕೋಣವೆಂದರೆ, ಕರಾರು ಮುರಿದಂತಾಗುತ್ತದೆಂದು ಟ್ರಂಪ್ ಸಂಸ್ಥೆ ಅಡ್ಡಬಂದಿತು. ತಮ್ಮ ಮನೆಯ ಹೊಸ್ತಿಲಿನ ಮೇಲಿನ ಹೆಸರನ್ನು ತೆಗೆಯಲು ಗೃಹಸ್ಥರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2018ರ ಮೇ ತಿಂಗಳಲ್ಲಿ ತೀರ್ಪು ಅವರ ಪರವಾಯಿತು, ಅಕ್ಟೋಬರಿನಲ್ಲಿ ಅಕ್ಷರಗಳು ಕೆಳಗಿಳಿದವು. ಆ ಹೆಸರನ್ನು 2000ದಲ್ಲಿ ಕರಾರಿನ ಮೂಲಕ ಕೊಟ್ಟಿದ್ದು ಒಂದು ಡಾಲರಿಗೆ. ಎರವಲು ಒಡವೆಯಲ್ಲಿ ಈ ತೊಡಕೂ ಉಂಟು: ತೊಟ್ಟವರಿಗೆ ಅದು ಬೇಕಾದಾಗ ಉಳಿಯುವುದಿಲ್ಲ, ಬೇಡವಾದಾಗ ಸುಲಭವಾಗಿ ಬಿಚ್ಚುವುದೂ ಇಲ್ಲ.

ಇವೆರಡೂ ಕಟ್ಟಿ ಮುಗಿದ ಮನೆಗಳ ಮಾತು. ಕಟ್ಟದೆ ಹೋದ ಮನೆಯದು ಬೇರೆ ಅಧ್ಯಾಯ. 2005ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಅದೇ ಹೆಸರಿನ 52 ಮಹಡಿಯ ಗೋಪುರವೊಂದನ್ನು ಘೋಷಿಸಿದರು. ಹೆಸರನ್ನು ನಂಬಿ ಜನ ಮುಂಗಡ ಕೊಟ್ಟರು. ಗೋಪುರ ಏಳಲೇ ಇಲ್ಲ. ಕೊಟ್ಟ ಹಣದಲ್ಲಿ ಅರ್ಧದಷ್ಟು ಕೈಬಿಟ್ಟವರು ದಾವೆ ಹೂಡಿದಾಗ ತಿಳಿದದ್ದು, ಹೆಸರಿನ ಯಜಮಾನರು ಕಟ್ಟುವವರಲ್ಲ, ಹೆಸರು ಕೊಟ್ಟವರು ಮಾತ್ರ ಎಂದು. ಕೆನಡಾದ ಟೊರೊಂಟೋದಲ್ಲಿ 2012ರಲ್ಲಿ ತೆರೆದ ಮತ್ತೊಂದು ಗೋಪುರದಲ್ಲಿ ಹೋಟೆಲು ಕೋಣೆಗಳನ್ನೇ ಹೂಡಿಕೆಯೆಂದು ಮಾರಿದರು; ಬಾಡಿಗೆಯಿಂದ ಇಷ್ಟಿಷ್ಟು ಲಾಭ ಬರುತ್ತದೆಂದು ಅಂದಾಜು ಪಟ್ಟಿಯನ್ನೂ ಕೈಗಿತ್ತರು. ಲಾಭ ಬರಲಿಲ್ಲ. ದಾವೆ ಹೂಡಿದ ಇಬ್ಬರು ದೊಡ್ಡ ಸಾಹುಕಾರರಾಗಿರಲಿಲ್ಲ. ಆ ಪಟ್ಟಿ ಕೊಳ್ಳುವವರನ್ನು ದಾರಿತಪ್ಪಿಸಿತೆಂದು ಒಂಟಾರಿಯೋದ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಒಪ್ಪಿತು. ಮರುವರ್ಷ ಆ ಗೋಪುರದ ಹೆಸರೂ ಹೋಯಿತು. ಮುಂಬೈಯ ‘ವರ್ಲ್ಡ್ ಒನ್’ ಇಷ್ಟು ಕೆಟ್ಟದ್ದೇನೂ ಕಾಣಲಿಲ್ಲ, ಎದ್ದು ನಿಂತಿದೆ. ಆದರೆ 442 ಮೀಟರು ಎತ್ತರದ, ಲೋಕದ ವಸತಿಸೌಧಗಳಲ್ಲೇ ಅತ್ಯುನ್ನತವಾದ ಗೋಪುರವೆಂದು 2010ರಲ್ಲಿ ಸಾರಿದ್ದು, ವಿಮಾನ ಸಂಚಾರದ ಅಧಿಕಾರಿಗಳ ಅನುಮತಿ ಸಿಗದೆ 280 ಮೀಟರಿನ ಆಸುಪಾಸಿಗೆ ನಿಂತಿತು. ಹೆಸರು ಎಷ್ಟೇ ದೊಡ್ಡದಿರಲಿ, ಒಂದು ಸರಕಾರಿ ಮೊಹರನ್ನು ಅದು ತರಲಾರದು.

‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂದು ನಮ್ಮ ಹಿರಿಯರು ನಗುತ್ತಿದ್ದರು. ನಗೆಯನ್ನು ಬಿಟ್ಟು ಲೆಕ್ಕವನ್ನೇ ಮಾಡೋಣ. ಹೆಸರಿರುವ ಮನೆಗೆ ಹೆಸರಿಲ್ಲದ ಮನೆಗಿಂತ ನೂರಕ್ಕೆ 30ರ ಆಸುಪಾಸಿನಲ್ಲಿ ಹೆಚ್ಚು ಬೆಲೆ ಎಂದು ಈ ವ್ಯಾಪಾರದ ದಲ್ಲಾಳಿಗಳೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಒಂದೇ ಬಡಾವಣೆಯಲ್ಲಿ ಒಂದೇ ಅಳತೆಯ ಎರಡು ಮನೆಗಳಿವೆ ಎನ್ನಿ. ಸಾಮಾನ್ಯ ಮನೆಗೆ 2 ಕೋಟಿ, ಹೆಸರಿನ ಮನೆಗೆ 2 ಕೋಟಿ 60 ಲಕ್ಷ. ಹೆಸರಿನ ಪಾಲು 60 ಲಕ್ಷ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 5; ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ 2; ಕಟ್ಟುತ್ತಿರುವ ಕಟ್ಟಡವಾದರೆ ಜಿಎಸ್‌ಟಿ ನೂರಕ್ಕೆ 5. ಸೆಸ್ಸುಗಳನ್ನು ಬಿಟ್ಟರೂ ಹೆಸರಿನ 60 ಲಕ್ಷದ ಮೇಲೆಯೇ 7 ಲಕ್ಷ 20 ಸಾವಿರ ತೆರಿಗೆ ತೆತ್ತಂತಾಯಿತು. ಆ 60 ಲಕ್ಷವನ್ನು ಬ್ಯಾಂಕಿನಲ್ಲಿಟ್ಟು ನೂರಕ್ಕೆ 7ರಂತೆ ಬಡ್ಡಿ ಬಂದರೆ ವರ್ಷಕ್ಕೆ 4 ಲಕ್ಷ 20 ಸಾವಿರ, ತಿಂಗಳಿಗೆ 35,000 ರೂಪಾಯಿ. ಸ್ವಂತ ಮನೆಯಲ್ಲಿ ಕುಳಿತು ಗೋಡೆಯ ಮೇಲಿನ ಹೆಸರಿಗೆ ತಿಂಗಳು ತಿಂಗಳು 35,000 ರೂಪಾಯಿ ಬಾಡಿಗೆ ಕೊಟ್ಟ ಹಾಗಾಯಿತು.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಹೋಟೆಲಿನಂಥ ಹಜಾರ, ಅಮೃತಶಿಲೆಯ ನೆಲ, ಸಮವಸ್ತ್ರದ ಆಳುಗಳು, ಹಗಲೂ ರಾತ್ರಿ ತಣ್ಣಗಿರುವ ಪಡಸಾಲೆ, ಇವಕ್ಕೆಲ್ಲ ನಿರ್ವಹಣೆಯ ವೆಚ್ಚವುಂಟು. ಚದರಡಿಗೆ 5 ರೂಪಾಯಿಯಂತೆ 2,000 ಚದರಡಿಯ ಮನೆಗೆ ತಿಂಗಳಿಗೆ 10,000 ಆಗುವ ಕಡೆ, 15 ರೂಪಾಯಿಯಾದರೆ 30,000. ತಲಾ 7,500 ಮೀರಿದ ನಿರ್ವಹಣೆಗೆ ನೂರಕ್ಕೆ 18ರ ಜಿಎಸ್‌ಟಿ ಬೇರೆ. ಮನೆಸಾಲದ ಕಂತು ಒಂದು ದಿನ ತೀರುತ್ತದೆ. ಇದು ತೀರುವುದಿಲ್ಲ, ಏರುತ್ತಲೇ ಇರುತ್ತದೆ. ನಿವೃತ್ತಿಯಾದವನ ಪಿಂಚಣಿಗೂ ಅದಕ್ಕೂ ಓಟದ ಪಂದ್ಯ ಕಟ್ಟಿದರೆ ಗೆಲ್ಲುವವರು ಯಾರೆಂಬುದನ್ನು ಹೇಳಬೇಕಾಗಿಲ್ಲ. ಬಾಡಿಗೆಗೆ ಕೊಟ್ಟರಾಯಿತು ಎನ್ನುವಿರೋ? ನಮ್ಮ ನಗರಗಳಲ್ಲಿ ಮನೆಯ ಬೆಲೆಯ ನೂರಕ್ಕೆ ಮೂರರಷ್ಟು ವರ್ಷದ ಬಾಡಿಗೆ ಬಂದರೆ ಅದೇ ಸಾಕೆನ್ನುವ ಸ್ಥಿತಿಯಿದೆ. ಬೆಲೆ ಏರಿದಷ್ಟು ಬಾಡಿಗೆ ಏರುವುದಿಲ್ಲ. ಬಾಡಿಗೆದಾರ ತನ್ನ ಸಂಬಳವನ್ನು ನೋಡಿ ಹಣ ಕೊಡುತ್ತಾನೆ, ಬಾಗಿಲ ಮೇಲಿನ ಹೆಸರನ್ನು ನೋಡಿ ಅಲ್ಲ.

ಹಾಗಾದರೆ ಮನೆಯ ಬೆಲೆ ವರ್ಷದಿಂದ ವರ್ಷಕ್ಕೆ ಏರುವುದು ಏತರಿಂದ? ನೆಲದಿಂದ. ಕಟ್ಟಡ ಕಟ್ಟಿದ ದಿನದಿಂದಲೇ ಸವೆಯತೊಡಗುತ್ತದೆ, ನೆಲ ಸವೆಯುವುದಿಲ್ಲ. ಆದ್ದರಿಂದ ಅಪಾರ್ಟ್‌ಮೆಂಟು ಕೊಳ್ಳುವವನು ಮೊದಲು ಕೇಳಬೇಕಾದ ಪ್ರಶ್ನೆ, ನೆಲದಲ್ಲಿ ನನ್ನ ಅವಿಭಜಿತ ಪಾಲು ಎಷ್ಟು ಎಂಬುದು. ಎರಡು ಎಕರೆಯೆಂದರೆ 87,120 ಚದರಡಿ. ಅದರ ಮೇಲೆ 300 ಮನೆಗಳ ಗೋಪುರವೆದ್ದರೆ ಸಮಪಾಲಿನಲ್ಲಿ ಒಂದು ಮನೆಗೆ 290 ಚದರಡಿ. ನಮ್ಮ ತಂದೆಯವರ ಕಾಲದ ಗುಮಾಸ್ತೆ ಸಾಲ ಸೋಲ ಮಾಡಿ ಕೊಂಡ ಮೂವತ್ತು ನಲವತ್ತರ ಸೈಟು 1,200 ಚದರಡಿ. ಗೋಪುರ ಎತ್ತರವಾದಷ್ಟೂ ಈ ಪಾಲು ಕಿರಿದಾಗುತ್ತದೆ. ನಲವತ್ತು ಐವತ್ತು ವರ್ಷದ ಮೇಲೆ ಲಿಫ್ಟುಗಳು ನಿಂತು, ಕೊಳವೆಗಳು ಕೊಳೆತು, ಗಾಜಿನ ಹೊದಿಕೆ ಬಿಗಿ ತಪ್ಪಿ, ಕಟ್ಟಡವನ್ನು ಕೆಡವೋಣವೆಂದು ಸಂಘ ಸೇರಿದ ದಿನ ನಿಮ್ಮ ಕೈಯಲ್ಲಿ ಉಳಿಯುವುದು ಈ 290 ಚದರಡಿಯ ಹಕ್ಕು. ಆ ಹೊತ್ತಿಗೆ ಇಟಲಿಯ ಹೆಸರು ಬೇರೊಂದು ಗೋಪುರದ ಮೇಲೆ ಹೊಳೆಯುತ್ತಿರುತ್ತದೆ.

ನೆಲದ ಮಾತು ಬಂದಾಗ ಸನ್ನಿ ಐಲ್ಸನ್ನು ಮತ್ತೆ ನೆನೆಯಬೇಕು. ಮಯಾಮಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಉಪಗ್ರಹಗಳ ಅಳತೆಯಿಂದ ಆ ಕರಾವಳಿಯ ಸಾಲುಗೋಪುರಗಳನ್ನು ಪರೀಕ್ಷಿಸಿ 2024ರ ಡಿಸೆಂಬರಿನಲ್ಲಿ ವರದಿ ಪ್ರಕಟಿಸಿದರು. 2016ರಿಂದ 2023ರ ಒಳಗೆ 35 ಕಟ್ಟಡಗಳು 2ರಿಂದ 8 ಸೆಂಟಿಮೀಟರಿನವರೆಗೆ ಕುಸಿದಿದ್ದವು. ಪೋರ್ಶೆಯ ಗೋಪುರವೂ, ಟ್ರಂಪ್ ಮತ್ತು ರಿಟ್ಜ್-ಕಾರ್ಲ್‌ಟನ್ ಹೆಸರಿನವೂ ಅವುಗಳಲ್ಲಿ ಸೇರಿದ್ದವು. ಕುಸಿದ ಮಾತ್ರಕ್ಕೆ ಬೀಳುತ್ತವೆಂದು ಅರ್ಥವಲ್ಲ; ಇಡೀ ಕಟ್ಟಡ ಸಮನಾಗಿ ಇಳಿದರೆ ಅಪಾಯ ಕಡಿಮೆ, ಒಂದು ಬದಿ ಹೆಚ್ಚು ಇಳಿದರೆ ಯೋಚಿಸಬೇಕು. ಭಯ ಹುಟ್ಟಿಸುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಸುಣ್ಣಕಲ್ಲಿನ ನಡುವಿನ ಮರಳಿನ ಪದರಕ್ಕೆ ಹೆಸರುಗಳ ಪರಿಚಯವಿಲ್ಲವೆಂದು ತೋರಿಸುವುದಕ್ಕೆ ಹೇಳಿದೆ.

ಅಲ್ಲಿಂದ ಕೆಲವೇ ಮೈಲಿ ದೂರದ ಸರ್ಫ್‌ಸೈಡಿನಲ್ಲಿ ನಡೆದದ್ದು ಅದಕ್ಕಿಂತ ದೊಡ್ಡ ಪಾಠ. 1981ರಲ್ಲಿ ಕಟ್ಟಿದ 12 ಮಹಡಿಯ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ವಸತಿಕಟ್ಟಡ 2021ರ ಜೂನ್ 24ರ ನಡುರಾತ್ರಿ ಕುಸಿದು 98 ಜನ ಸತ್ತರು. ಈಜುಕೊಳದ ಬಳಿಯ ಕಾಂಕ್ರೀಟು ಕೆಟ್ಟಿದೆಯೆಂದು 2018ರಲ್ಲೇ ಒಬ್ಬ ಎಂಜಿನಿಯರು ಬರೆದುಕೊಟ್ಟಿದ್ದರು. ದುರಸ್ತಿಗೆ ಸುಮಾರು 1 ಕೋಟಿ 50 ಲಕ್ಷ ಡಾಲರು ಬೇಕಾಗಿತ್ತು. ಸಂಘದಲ್ಲಿ ಕೂಡಿಟ್ಟ ಹಣ ಸಾಲದು. ತಲಾ ಎಷ್ಟೆಂದು ವಾದಿಸುವುದರಲ್ಲಿ ವರ್ಷಗಳು ಹೋದವು. ಮರುವರ್ಷ ಫ್ಲಾರಿಡಾ ರಾಜ್ಯ, ಹಳೆಯ ಕಟ್ಟಡಗಳ ತಪಾಸಣೆಯನ್ನೂ ದುರಸ್ತಿ ನಿಧಿಯನ್ನೂ ಕಡ್ಡಾಯ ಮಾಡಿ ಕಾನೂನು ತಂದಿತು. ಬಹುಮಹಡಿ ಮನೆಯ ಆಯುಸ್ಸು ಇರುವುದು ಇಲ್ಲಿ: ಮಾಲೀಕರ ಸಂಘದ ಲೆಕ್ಕಪುಸ್ತಕದಲ್ಲಿ, ಅದರ ಸಭೆಗೆ ಬರುವ ನೆರೆಯವರಲ್ಲಿ. ಹೂಡಿಕೆಗೆಂದೇ ಕೊಂಡ ಗೋಪುರಗಳಲ್ಲಿ ಸಂಜೆ ಎಷ್ಟು ಕಿಟಕಿಗಳಲ್ಲಿ ದೀಪ ಹೊತ್ತುತ್ತದೆ ಎಂದು ಬೀದಿಯಲ್ಲಿ ನಿಂತು ಎಣಿಸಿ ನೋಡಿ. ದೀಪವಿಲ್ಲದ ಮನೆಯವನು ಸಭೆಗೂ ಬರುವುದಿಲ್ಲ.

ವಾಸದ ಮಾತು ಇನ್ನೂ ಉಳಿದಿದೆ. ಮನೆಯೆಂದರೆ ಬೇಳೆ ಬೇಯುವ ಜಾಗ, ಬಟ್ಟೆ ಒಣಗುವ ಜಾಗ, ಮಕ್ಕಳು ಗೋಡೆ ಗೀಚುವ ಜಾಗ, ಕಾಯಿಲೆಯ ಮುದುಕರು ಬಿಸಿಲಿಗೆ ಕೂರುವ ಜಾಗ. ವಿನ್ಯಾಸಕಾರನ ಮನೆಯಲ್ಲಿ ಅಡುಗೆಮನೆಗೆ ಗೋಡೆಯೇ ಇಲ್ಲ; ಒಗ್ಗರಣೆಯ ಹೊಗೆ ಬಿಳಿಯ ಸೋಫಾದ ಮೇಲೆ ಕೂರುತ್ತದೆ. ಬಾಲ್ಕನಿಯಲ್ಲಿ ಬಟ್ಟೆ ಹರವಕೂಡದೆಂದು ಹಲವು ಕಡೆ ನಿಯಮವಿದೆ. ಅಜ್ಜಿಯ ತಾಮ್ರದ ಹಂಡೆ, ದಸರೆಯ ಗೊಂಬೆಗಳ ಮೆಟ್ಟಿಲು, ಗೋಡೆಯ ಮೇಲಿನ ಹಿರಿಯರ ಪಟ, ಇವು ಯಾವುವೂ ಆ ನಕ್ಷೆ ಬರೆದವನ ಕಣ್ಣಿಗೆ ಬಿದ್ದಿಲ್ಲ. ಎಲ್ಲವನ್ನೂ ಮುಂಚೆಯೇ ಮುಗಿಸಿ ಕೊಟ್ಟ ಮನೆಯಲ್ಲಿ ಮನೆಯವರು ಮಾಡಬೇಕಾದದ್ದು ಏನೂ ಉಳಿಯುವುದಿಲ್ಲ. ಅತಿಥಿಗಳ ಹಾಗೆ ಎಚ್ಚರದಿಂದ ನಡೆದಾಡಿಕೊಂಡಿರಬೇಕು. ಪಾತ್ರೆ ತೊಳೆದು ನೆಲ ಒರೆಸಿಕೊಡುವ ಹೆಂಗಸಿಗೆ ಬೇರೆ ಲಿಫ್ಟು, ಬೇರೆ ಬಾಗಿಲು ಮಾಡಿರುವ ಗೋಪುರಗಳೂ ಉಂಟು. ಎಲ್ಲರೂ ಒಂದೇ ಬಾವಿಯ ನೀರು ಸೇದಲೆಂದು ಹೋರಾಡಿದ ನಾಡಿನಲ್ಲಿ ಇದನ್ನು ಸೌಕರ್ಯಗಳ ಪಟ್ಟಿಗೆ ಸೇರಿಸುತ್ತಾರೆ!

ನೀರಿನ ವಿಷಯವಂತೂ ಬೆಂಗಳೂರಿಗರಿಗೆ ಹೇಳಿಕೊಡಬೇಕಾಗಿಲ್ಲ. ಕಾವೇರಿ ಸುಮಾರು 100 ಕಿಲೋಮೀಟರು ದೂರದಿಂದ ಪಂಪುಗಳ ಬಲದಿಂದ ಏರಿ ಬರಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಲಕ್ಷದ ಮನೆಯೂ ಕೋಟಿಯ ಮನೆಯೂ ಒಂದೇ ಟ್ಯಾಂಕರಿನ ದಾರಿ ಕಾದವು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಯಮಲೂರಿನ ಕಡೆ, ಹಲವು ಕೋಟಿ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲೂ ಟ್ರ್ಯಾಕ್ಟರಿನಲ್ಲೂ ಹೊರತಂದರು. ನೀರು ಇಲ್ಲದಿರುವುದನ್ನಾಗಲಿ, ಬೇಡದ ಕಡೆ ಬರುವುದನ್ನಾಗಲಿ ಯಾವ ವಿನ್ಯಾಸಕಾರನ ಹೆಸರೂ ತಡೆದದ್ದಿಲ್ಲ.

ಪ್ರತಿವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿಲ್ಲದಿಲ್ಲ. ಹೆಸರು ಕೊಡುವ ಸಂಸ್ಥೆ ತನ್ನ ಮಾನ ಕಾಯ್ದುಕೊಳ್ಳಲು ಬಿಲ್ಡರಿನ ಮೇಲೆ ಕಣ್ಣಿಡುತ್ತದೆ, ಅದರಿಂದ ಕೆಲಸ ಚೊಕ್ಕಟವಾಗುತ್ತದೆ ಎನ್ನುತ್ತಾರೆ. ನಿಜವಿರಬಹುದು. ಆದರೆ ಆ ಕರಾರು ಅವರಿಬ್ಬರ ನಡುವಿನದು. ಕೊಳ್ಳುವವನು ಅದರಲ್ಲಿ ಕಕ್ಷಿಯಲ್ಲ. ಕಣ್ಣಿಡದಿದ್ದರೆ ನಾನು ಕೇಳಬಹುದೆ ಎಂದು ಅವನು ವಿಚಾರಿಸಲಿ, ಬರವಣಿಗೆಯಲ್ಲಿ ಉತ್ತರ ಪಡೆಯಲಿ. ಮೊದಲೇ ಕೊಂಡವರು ಲಾಭಕ್ಕೆ ಮಾರಿದ್ದಾರೆ ಎಂಬುದು ಇನ್ನೊಂದು ವಾದ. ಮಾರಿರಬಹುದು, ಅದೇ ರಸ್ತೆಯ ಹೆಸರಿಲ್ಲದ ಮನೆಯವರೂ ಮಾರಿದ್ದಾರೆ. ಏರಿದ್ದು ರಸ್ತೆ. ಹೆಸರಿನ ಮೊದಲ ಲಾಭ ಕಟ್ಟಿದವನ ಜೇಬಿಗೆ ಸೇರಿಯಾಗಿರುತ್ತದೆ. ಎರಡನೆಯ ಬಾರಿ ಮಾರುವವನು ಅದೇ ಹೆಸರಿಗೆ ಅದೇ ಮೋಹವಿರುವ ಮತ್ತೊಬ್ಬನನ್ನು ಹುಡುಕಬೇಕು. ಅಷ್ಟರಲ್ಲಿ ಪಕ್ಕದಲ್ಲಿ ಹೊಸ ಗೋಪುರ, ಹೊಸ ಹೆಸರು ಬಂದಿರುತ್ತವೆ. ಉಡುಪಿನ ಲೋಕದ ಧರ್ಮವೇ ಅದು: ಹೋದ ವರ್ಷದ ಹೊಲಿಗೆಯನ್ನು ಈ ವರ್ಷ ಹಳತು ಮಾಡುವುದು. ಆ ಧರ್ಮವನ್ನು ನಲವತ್ತು ವರ್ಷ ನಿಲ್ಲಬೇಕಾದ ಗೋಡೆಗೆ ಕಟ್ಟುವುದು ಎಂಥ ಜಾಣತನ?

ಇದೆಲ್ಲ ದೊಡ್ಡವರ ಮಾತು, ನಮಗೇಕೆ ಎಂದು ಓದುಗರು ಕೇಳಬಹುದು. ದೊಡ್ಡವರ ಅಂಗಳದ ರೂಢಿ ನಮ್ಮ ಹಿತ್ತಿಲಿಗೆ ಬರಲು ಹೆಚ್ಚು ಕಾಲ ಬೇಕಾಗಿಲ್ಲ. ಎಂಬತ್ತು ಲಕ್ಷದ ಫ್ಲ್ಯಾಟುಗಳಿಗೂ ಇಂದು ಇಟಲಿಯ ಊರಿನ ಹೆಸರು, ಸ್ಪೇನಿನ ಕಡಲಿನ ಹೆಸರು. ನಿವೃತ್ತ ಮೇಷ್ಟ್ರು ಭವಿಷ್ಯನಿಧಿಯ ಹಣವನ್ನು ಅದರಲ್ಲಿ ಹಾಕುತ್ತಾರೆ. ಪರದೇಶದಲ್ಲಿ ದುಡಿಯುವ ಮಗ ಚಿತ್ರ ನೋಡಿ ಅಲ್ಲಿಂದಲೇ ಮುಂಗಡ ಕಳಿಸುತ್ತಾನೆ. ಕೆಲವರು ಚಾಮರಾಜಪೇಟೆಯ ಸೈಟು ಮಾರಿ ಬಂದ ಹಣವನ್ನು ತಂದು ಸುರಿಯುತ್ತಾರೆ. ಒಂದು ಸಂಸಾರ ಮೂವತ್ತು ವರ್ಷ ಕಾಫಿಗೆ ಸಕ್ಕರೆ ಕಡಿಮೆ ಹಾಕಿ ಉಳಿಸಿದ್ದು ಹೆಸರಿನ ಹೊಳಪಿಗೆ ಕರಗಿಹೋಗುವುದನ್ನು ಕಂಡೂ ಸುಮ್ಮನಿರುವುದು ಸಭ್ಯತೆಯೆನಿಸಲಾರದು.

ಕಾನೂನು ನಮ್ಮ ಕೈಗೆ ಕೊಟ್ಟಿರುವುದೂ ಸಾಕಷ್ಟಿದೆ. 2016ರ ರೇರಾ ಕಾಯದೆಯ ಪ್ರಕಾರ ಮನೆಯ ಅಳತೆಯನ್ನು ಕಾರ್ಪೆಟ್ ಏರಿಯಾದಲ್ಲೇ ಹೇಳಬೇಕು. ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ 70ನ್ನು ಆ ಯೋಜನೆಯ ನೆಲಕ್ಕೂ ಕಟ್ಟಡಕ್ಕೂ ಮಾತ್ರ ಬಳಸುವಂತೆ ಪ್ರತ್ಯೇಕ ಖಾತೆಯಲ್ಲಿಡಬೇಕು. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ದೋಷ ಕಂಡರೆ ಪ್ರವರ್ತಕ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಸುಳ್ಳು ಜಾಹೀರಾತನ್ನು ನಂಬಿ ನಷ್ಟಪಟ್ಟವನು ಪರಿಹಾರ ಕೇಳಬಹುದು. ಈ ಎಲ್ಲ ಕಡೆ ಕಾಯದೆ ಕೈಹಿಡಿದು ನಿಲ್ಲಿಸುವುದು ಪ್ರವರ್ತಕನನ್ನು. ನೋಡಬೇಕಾದದ್ದೂ ಅವನ ಹೆಸರನ್ನೇ: ಹಿಂದೆ ಏನು ಕಟ್ಟಿದ, ಎಂದು ಕೊಟ್ಟ, ಹತ್ತು ವರ್ಷದ ಮೇಲೆ ಅದು ಹೇಗಿದೆ. ಅವನ ಹಳೆಯ ಕಟ್ಟಡಕ್ಕೆ ಹೋಗಿ ನೆಲಮಾಳಿಗೆಯ ಗೋಡೆ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಬಹುದು. ಅಲ್ಲಿನ ಕಾವಲುಗಾರನನ್ನು ನೀರು ಎಲ್ಲಿಂದ ಬರುತ್ತದೆಂದು ಕೇಳಬಹುದು. ಸಂಘದ ಕಾರ್ಯದರ್ಶಿಯನ್ನು ದುರಸ್ತಿ ನಿಧಿಯಲ್ಲಿ ಎಷ್ಟಿದೆಯೆಂದು ವಿಚಾರಿಸಬಹುದು. ಮೂಲಪತ್ರ, ಅನುಮೋದಿತ ನಕ್ಷೆ, ಸ್ವಾಧೀನ ಪ್ರಮಾಣಪತ್ರಗಳನ್ನು ವಕೀಲರಿಗೆ ತೋರಿಸಲು ಆಗುವ ಖರ್ಚು, ಹೆಸರಿಗೆ ತೆರುವ ಹಣದಲ್ಲಿ ನೂರರಲ್ಲೊಂದು ಪಾಲೂ ಆಗಲಿಕ್ಕಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಮನೆ ಚೆನ್ನಾಗಿದ್ದು, ಮೇಲೊಂದು ದೊಡ್ಡ ಹೆಸರೂ ಇದ್ದರೆ ಇರಲಿ, ಅದಕ್ಕೆ ಮಡಿ ಮಾಡಬೇಕಾಗಿಲ್ಲ. ಮಾರುವವನನ್ನು ಒಂದೇ ಒಂದು ಪ್ರಶ್ನೆ ಕೇಳಿ: ಈ ಹೆಸರನ್ನು ಕ್ರಯಪತ್ರದ ಷೆಡ್ಯೂಲಿನಲ್ಲಿ, ನೆಲ ಗೋಡೆಗಳ ಜೊತೆಗೆ, ನನಗೆ ಕೊಟ್ಟ ಸ್ವತ್ತೆಂದು ಬರೆಸುವಿರಾ? ಬರೆಸುವುದಿಲ್ಲ ಎಂದರೆ, ಬರೆಸದ ಸ್ವತ್ತಿಗೆ ಬೆಲೆ ಕೊಡುವುದಿಲ್ಲ ಎಂದು ಎದ್ದು ಬನ್ನಿ.